ಆಪ್ಟಿಮಸ್ ಪ್ರೈಮ್: ಯಾವುದನ್ನು ಕೊಳ್ಳೋದು?

ಆಪ್ಟಿಮಸ್ ಪ್ರೈಮ್ ಅಂದರೆ ಟ್ರಾನ್ಸ್‌ಫಾರ್ಮರ್ಸ್ ಕಾರ್ಟೂನ್‌ನ, ಲಾರಿಯಾಗಿ ಬದಲಾಗುವ ರೋಬೋ. ಅದರ 1984ರ ಮೂಲ ಆಟಿಕೆಯ ಮುಷ್ಟಿಗಳು ಬಿಡಿ ತುಂಡುಗಳು. ಲಾರಿ ಮಾಡುವಾಗ ಕಿತ್ತಿಡಬೇಕು, ಒಂದು ಸೋಫಾ ಕೆಳಗೆ ಹೋದರೆ ಮುಗೀತು. ನೋಡೋಕೆ ಚೆಂದ, ಆದರೆ ಕೈಕಾಲು ಅಷ್ಟಾಗಿ ಆಡಲ್ಲ. ಹೊಸ ರೂಪಗಳ ಕಡೆ ಜನ ನೋಡೋದು ಅದಕ್ಕೇ.

ಜಪಾನಿನ ಆಟಿಕೆ ಕಂಪನಿ ಟಕಾರಾ ಟೋಮಿ 2011ರಲ್ಲಿ ತಂದ ಎಂಪಿ-10ರಲ್ಲಿ (ಎಂಪಿ ಅಂದರೆ ಮಾಸ್ಟರ್‌ಪೀಸ್ ಸರಣಿ) ಮುಷ್ಟಿ ಮುಂಗೈಯೊಳಗೇ ಮಡಚಿಕೊಳ್ಳುತ್ತದೆ. ಮೊಣಕಾಲು, ಸೊಂಟ ಚೆನ್ನಾಗಿ ಬಾಗುತ್ತವೆ, ಟ್ರೇಲರ್ ಜೊತೆಗೇ ಬರುತ್ತದೆ. ಲಾರಿಯೂ ನಿಜವಾದ ಲಾರಿಯಂತೆಯೇ ಇದೆ. ಒಂದೆರಡು ಸಲ ರೂಪ ಬದಲಿಸಿದರೆ ಕೈಗೆ ಅಭ್ಯಾಸವಾಗುತ್ತದೆ.

2019ರ ಎಂಪಿ-44 ಬೇರೆ ಜಾತಿ. ಟಿವಿ ಕಾರ್ಟೂನ್‌ನಲ್ಲಿ ಕಂಡ ಪ್ರೈಮ್ ಹಾಗೇ ಎದ್ದು ಬಂದಂತಿದೆ. ಅದಕ್ಕೆ ತೆತ್ತ ಬೆಲೆ ಸಣ್ಣ ಸಣ್ಣ ಫಲಕಗಳ ರಾಶಿ. ತಾಳ್ಮೆ ಬೇಕು, ದುಡ್ಡೂ ಜಾಸ್ತಿ ಬೇಕು. ಒಮ್ಮೆ ರೋಬೋ ಮಾಡಿ ಕಪಾಟಲ್ಲಿ ನಿಲ್ಲಿಸುವವರಿಗೆ ಸರಿ.

ಮಕ್ಕಳೂ ಮುಟ್ಟುತ್ತಾರೆ ಅಂದರೆ ಹ್ಯಾಸ್ಬ್ರೋ ಕಂಪನಿಯ 2020ರ ಅರ್ಥ್‌ರೈಸ್ ಸರಣಿಯ ಲೀಡರ್ ಗಾತ್ರದ ಪ್ರೈಮ್ ಸಾಕು. ಚಿಕ್ಕದು, ಅಗ್ಗ, ಟ್ರೇಲರ್ ಬಿಚ್ಚಿದರೆ ರೋಬೋಗಳ ನೆಲೆಯಾಗುತ್ತದೆ.

ನನ್ನನ್ನು ಕೇಳಿದರೆ ಎಂಪಿ-10. ದಿನಾ ಕೈಗೆತ್ತಿಕೊಂಡು ರೂಪ ಬದಲಿಸಬೇಕು ಅನ್ನಿಸುವುದು ಅದೇ. ಆದರೆ ನಕಲಿಗಳು ಬಹಳ, ಮಾರುವವರು ಯಾರು ಅಂತ ನೋಡಿಕೊಳ್ಳಿ.