ದಿನದ ವಹಿವಾಟಿಗೆ ಉಪಗ್ರಹ ಇಂಟರ್ನೆಟ್: ಬಳಸಿ ನೋಡಿದ ಮೂರು ಸಂಪರ್ಕಗಳ ಹೋಲಿಕೆ

ಫೈಬರ್ ತಲುಪದ ಮನೆಯಿಂದ ಷೇರು ವಹಿವಾಟು ನಡೆಸುವ ನಾನು ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವ ಭೂಸ್ಥಿರ ಉಪಗ್ರಹದ ಸಂಪರ್ಕ, ಕೆಳಕಕ್ಷೆಯ ಉಪಗ್ರಹಗಳ ಸಂಪರ್ಕ ಮತ್ತು 4ಜಿ ಮೊಬೈಲ್ ಜಾಲ, ಈ ಮೂರನ್ನೂ ತಿಂಗಳುಗಟ್ಟಲೆ ಬಳಸಿ ನೋಡಿದ್ದೇನೆ. ಬೆಲೆಗಳ ಹರಿವಿಗೂ ಚಾರ್ಟಿಗೂ ಬೇಕಾಗುವ ಡೇಟಾ ಹೆಚ್ಚೇನಲ್ಲವಾದ್ದರಿಂದ ಡೌನ್‌ಲೋಡ್ ವೇಗ ಮೂರರಲ್ಲೂ ಸಾಕಾಗಿತ್ತು. ನಿಜವಾದ ವ್ಯತ್ಯಾಸ ಕಂಡದ್ದು ಆರ್ಡರ್ ಕಳುಹಿಸಿದ ಕ್ಷಣದಿಂದ ಉತ್ತರ ಬರುವವರೆಗಿನ ಅವಧಿಯಲ್ಲಿ.

ಭೂಸ್ಥಿರ ಉಪಗ್ರಹ ಇರುವುದು ಸಮಭಾಜಕದ ಮೇಲೆ, 35,786 ಕಿ.ಮೀ. ಎತ್ತರದಲ್ಲಿ. ಸಂದೇಶ ಅಲ್ಲಿಗೇರಿ ಇಳಿದು, ಉತ್ತರವೂ ಅದೇ ದಾರಿಯಲ್ಲಿ ಮರಳಲು ಬೆಳಕಿನ ವೇಗದಲ್ಲೇ ಹೆಚ್ಚುಕಡಿಮೆ ಅರ್ಧ ಸೆಕೆಂಡು ಬೇಕು. ನನ್ನಲ್ಲಿ ಪಿಂಗ್, ಅಂದರೆ ಸಂದೇಶ ಹೋಗಿ ಉತ್ತರ ಮರಳುವ ಅವಧಿ, 600 ಮಿಲಿಸೆಕೆಂಡಿಗಿಂತ ಕೆಳಗಿಳಿದದ್ದು ಅಪರೂಪ. ಯಾವ ರೂಟರ್ ತಂದರೂ ಈ ವಿಳಂಬ ಹೋಗುವುದಿಲ್ಲ. ಗೊತ್ತುಪಡಿಸಿದ ಬೆಲೆ ಸಿಕ್ಕರಷ್ಟೇ ಜಾರಿಯಾಗುವ ಲಿಮಿಟ್ ಆರ್ಡರ್ ಹಾಕಿ ದಿನಗಟ್ಟಲೆ ಕಾಯುವವರಿಗೆ ಇದು ಅಡ್ಡಿಯಲ್ಲ, ಇಂಟ್ರಾಡೇ, ಅಂದರೆ ಅದೇ ದಿನ ಕೊಂಡು ಮಾರುವ ವಹಿವಾಟು, ಮಾಡುವವರಿಗೆ ಮಾತ್ರ ನಾನು ಇದನ್ನು ಖಂಡಿತ ಸೂಚಿಸಲಾರೆ.

ಸುಮಾರು 550 ಕಿ.ಮೀ. ಎತ್ತರದಲ್ಲಿ ಸುತ್ತುವ ಕೆಳಕಕ್ಷೆಯ ಉಪಗ್ರಹಗಳ ಸಂಪರ್ಕದಲ್ಲಿ ಪಿಂಗ್ ಸಾಮಾನ್ಯವಾಗಿ 30ರಿಂದ 60 ಮಿಲಿಸೆಕೆಂಡಿನೊಳಗಿತ್ತು. ಆದರೆ ಈ ಉಪಗ್ರಹಗಳು ಆಕಾಶದಲ್ಲಿ ಸರಿಯುತ್ತಲೇ ಇರುವುದರಿಂದ ಡಿಶ್ ಆಂಟೆನಾ ಒಂದು ಉಪಗ್ರಹವನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತಿರಬೇಕು. ಡಿಶ್ಶಿನ ನೋಟಕ್ಕೆ ಒಂದು ಮರದ ಕೊಂಬೆ ಅಡ್ಡಬಂದರೂ ಸಂಪರ್ಕ ಕೆಲವು ಸೆಕೆಂಡು ನಿಲ್ಲುತ್ತದೆ. ಸರಾಸರಿ ವೇಗ ತೋರಿಸುವ ಪರೀಕ್ಷೆಗಳಲ್ಲಿ ಇದು ಕಾಣುವುದೇ ಇಲ್ಲ. ಒಮ್ಮೆ ಮಾರಾಟದ ಆರ್ಡರ್ ಒತ್ತಿದ ಕೂಡಲೇ ಹೀಗಾಯಿತು. ಪರದೆಯಲ್ಲಿ ಏನೂ ಬರದಿದ್ದುದರಿಂದ ಆರ್ಡರ್ ಹೋಗಿಲ್ಲವೆಂದು ಭಾವಿಸಿ ಮತ್ತೆ ಒತ್ತಿದೆ. ಮೊದಲನೆಯದು ಆಗಲೇ ತಲುಪಿತ್ತು, ಅದರ ದೃಢೀಕರಣವಷ್ಟೇ ನನಗೆ ಬಂದಿರಲಿಲ್ಲ. ಎರಡೂ ಜಾರಿಯಾಗಿ, ನನ್ನ ಬಳಿ ಇಲ್ಲದ ಷೇರುಗಳನ್ನು ಮಾರಿದಂತಾಗಿ, ಅವನ್ನು ಏರಿದ ಬೆಲೆಗೆ ಕೊಳ್ಳಬೇಕಾಯಿತು. ಅಂದಿನಿಂದ ಸಂಪರ್ಕ ಮರಳಿದೊಡನೆ ಮೊದಲು ಆರ್ಡರ್ ಪಟ್ಟಿಯನ್ನು ನೋಡುತ್ತೇನೆ. ಡಿಶ್ಶನ್ನು ಮರಗಳ ಮಟ್ಟಕ್ಕಿಂತ ಮೇಲಕ್ಕೆ ಏರಿಸಿದ ಮೇಲೆ ಇಂಥ ಕಡಿತಗಳು ಬಹಳ ಕಡಿಮೆಯಾದವು, ಜೋರು ಮಳೆಯಲ್ಲಿ ಮಾತ್ರ ಎರಡೂ ಬಗೆಯ ಉಪಗ್ರಹ ಸಂಪರ್ಕಗಳು ದುರ್ಬಲವಾಗುತ್ತವೆ.

4ಜಿ ಮಳೆಗೆ ಅಷ್ಟಾಗಿ ಜಗ್ಗುವುದಿಲ್ಲ, ಪಿಂಗ್ ಕೂಡ ಕೆಳಕಕ್ಷೆಗೆ ಹತ್ತಿರವೇ. ಆದರೆ ಟವರಿನ ಮೇಲೆ ಬಳಕೆದಾರರ ಒತ್ತಡ ಹೆಚ್ಚಿದಾಗ ಅದೇ ಪಿಂಗ್ ಇದ್ದಕ್ಕಿದ್ದಂತೆ ಹಲವು ಪಟ್ಟು ಜಿಗಿಯುತ್ತಿತ್ತು.

ಆದ್ದರಿಂದ ಈಗ ಕೆಳಕಕ್ಷೆಯ ಸಂಪರ್ಕ ಮುಖ್ಯ, 4ಜಿ ಅದರ ಬೆಂಬಲಕ್ಕೆ. ರೂಟರ್ ತಾನಾಗಿ ಮಾರ್ಗ ಬದಲಿಸಿದಾಗ ಅಂತರ್ಜಾಲದಲ್ಲಿ ಸಂಪರ್ಕವನ್ನು ಗುರುತಿಸುವ ಐಪಿ ವಿಳಾಸ ಬದಲಾಗಿ ವಹಿವಾಟಿನ ತಂತ್ರಾಂಶ ಮತ್ತೆ ಲಾಗಿನ್ ಕೇಳಬಹುದಾದ್ದರಿಂದ, ಬ್ರೋಕರ್ ಆ್ಯಪನ್ನು ಫೋನಿನಲ್ಲಿ ಪ್ರತ್ಯೇಕವಾಗಿ, ಮೊಬೈಲ್ ಡೇಟಾದ ಮೇಲೆಯೇ ತೆರೆದಿಟ್ಟಿರುತ್ತೇನೆ. ನಷ್ಟ ಗೊತ್ತಾದ ಮಿತಿ ಮುಟ್ಟಿದೊಡನೆ ವಹಿವಾಟು ಮುಗಿಸುವ ಸ್ಟಾಪ್‌ಲಾಸನ್ನು ನನ್ನ ಕಂಪ್ಯೂಟರಿನಲ್ಲಿ ಓಡುವ ತಂತ್ರಾಂಶಕ್ಕೆ ಬಿಡದೆ ಆರ್ಡರಿನ ಜೊತೆಗೇ ಬ್ರೋಕರ್ ಸರ್ವರಿಗೆ ಕಳುಹಿಸುತ್ತೇನೆ. ಮನೆಯ ಎರಡೂ ಸಂಪರ್ಕ ಒಟ್ಟಿಗೆ ನಿಂತರೂ ಅದು ಅಲ್ಲಿ ಜೀವಂತವಾಗಿರುತ್ತದೆ.