ನೋಟಿಫಿಕೇಶನ್, ಸುದ್ದಿವಾಹಿನಿ, ಪತ್ರಿಕೆ, ರೇಡಿಯೊ: ಸುದ್ದಿಗೆ ಯಾವುದು ಮೇಲು?

ದಿನದ ಸುದ್ದಿ ತಿಳಿಯದೆ ಇರಲು ನನಗೆ ಆಗುವುದಿಲ್ಲ. ಆದರೆ ಸುದ್ದಿ ಬಂದು ತಲುಪುವ ರೀತಿಯೇ ದಿನವಿಡೀ ಕಿರಿಕಿರಿಯಾಗತೊಡಗಿದ ಮೇಲೆ, ಮೊಬೈಲ್ ನೋಟಿಫಿಕೇಶನ್, ಇಪ್ಪತ್ನಾಲ್ಕು ಗಂಟೆಯ ಸುದ್ದಿವಾಹಿನಿ, ಮುದ್ರಿತ ಪತ್ರಿಕೆ ಮತ್ತು ರೇಡಿಯೊ ವಾರ್ತೆಗಳನ್ನು, ಒಂದನ್ನು ಬಳಸುವಾಗ ಉಳಿದ ಮೂರನ್ನು ದೂರವಿಟ್ಟು, ಪರೀಕ್ಷಿಸಿ ನೋಡಿದೆ. ರಾತ್ರಿ ಮಲಗುವ ಹೊತ್ತಿಗೆ ಅಂದಿನ ಮುಖ್ಯ ಸುದ್ದಿಯನ್ನು ಇನ್ನೊಬ್ಬರಿಗೆ ಬಿಡಿಸಿ ಹೇಳಬಲ್ಲೆನೇ, ಅದಕ್ಕಾಗಿ ಕೈಯಲ್ಲಿದ್ದ ಕೆಲಸವನ್ನು ಎಷ್ಟು ಸಲ ನಿಲ್ಲಿಸಬೇಕಾಯಿತು ಎಂಬ ಎರಡೇ ಪ್ರಶ್ನೆಗಳು ನನ್ನ ಅಳತೆಗೋಲಾಗಿದ್ದವು.

ವೇಗದಲ್ಲಿ ನೋಟಿಫಿಕೇಶನ್ ಅನ್ನು ಮೀರಿಸುವುದು ಯಾವುದೂ ಇಲ್ಲ. ಬಿರುಗಾಳಿ, ಪ್ರವಾಹಗಳ ಮುನ್ಸೂಚನೆಯ ವಿಷಯದಲ್ಲಿ ಅದರ ಉಪಕಾರ ದೊಡ್ಡದು. ತೊಂದರೆಯೆಂದರೆ, ಭೂಕಂಪಕ್ಕೂ ನಟರೊಬ್ಬರ ಮದುವೆಗೂ ಫೋನು ಒಂದೇ ದನಿಯಲ್ಲಿ ಕೂಗುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ‘ಬ್ರೇಕಿಂಗ್’ ಮಾತ್ರ ಸಾಕೆಂದು ಆರಿಸಿಕೊಂಡೆ. ಆ ಹಣೆಪಟ್ಟಿಯನ್ನು ಎಲ್ಲ ಸುದ್ದಿಗೂ ಅಂಟಿಸುವವರ ಮುಂದೆ ಆ ಆಯ್ಕೆಗೆ ಅರ್ಥವೇ ಉಳಿಯಲಿಲ್ಲ. ಇದಕ್ಕಿಂತ ಹೆಚ್ಚು ಬೇಸರ ತಂದದ್ದು ‘ಕಾರಣ ಏನು ಗೊತ್ತಾ?’, ‘ಇಲ್ಲಿದೆ ಮಾಹಿತಿ’ ಎಂಬ ತಲೆಬರಹಗಳು. ಒಂದು ಸಾಲಿನಲ್ಲಿ ಹೇಳಬಹುದಾದದ್ದನ್ನು ಬೇಕೆಂದೇ ಮುಚ್ಚಿಟ್ಟು ಓದುಗನನ್ನು ಒಳಗೆ ಎಳೆಯುವುದನ್ನು ನಾನು ಓದುಗನಿಗೆ ಮಾಡುವ ಅಗೌರವವೆಂದೇ ಭಾವಿಸುತ್ತೇನೆ. ಒಳಗೆ ಹೋದರೆ ಪುಟಕ್ಕೆ ಕೊನೆಯೇ ಇರುವುದಿಲ್ಲ. ಎಳೆದಷ್ಟೂ ಮುಂದುವರಿಯುವ ಈ ವಿನ್ಯಾಸವನ್ನು 2006ರಲ್ಲಿ ರೂಪಿಸಿದ ಅಜಾ ರಾಸ್ಕಿನ್ ಅವರೇ ನಂತರದ ವರ್ಷಗಳಲ್ಲಿ ಅದರ ಬಗ್ಗೆ ಬಹಿರಂಗವಾಗಿ ವಿಷಾದಿಸಿದ್ದಾರೆ. ರಾತ್ರಿಯ ಹೊತ್ತಿಗೆ ನನ್ನ ತಲೆಯಲ್ಲಿ ಹತ್ತಾರು ಶೀರ್ಷಿಕೆಗಳಿದ್ದವು, ಯಾವುದರ ಹಿನ್ನೆಲೆಯೂ ಇರಲಿಲ್ಲ.

ಸುದ್ದಿವಾಹಿನಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 1980ರ ಜೂನ್ 1ರಂದು ಸಿಎನ್‌ಎನ್ ದಿನವಿಡೀ ಸುದ್ದಿ ಬಿತ್ತರಿಸಲು ಆರಂಭಿಸಿದಂದಿನಿಂದ ಈ ಮಾಧ್ಯಮಕ್ಕಿರುವ ಸಮಸ್ಯೆ ಒಂದೇ: ಸುದ್ದಿ ಇರಲಿ, ಇಲ್ಲದಿರಲಿ, ಗಂಟೆಗಳು ತುಂಬಲೇಬೇಕು. ಮತ ಎಣಿಕೆ, ರಾಕೆಟ್ ಉಡಾವಣೆಯಂತಹ ಘಟನೆಗಳನ್ನು ಕಣ್ಣಾರೆ ನೋಡಲು ಅದೇ ಸರಿ. ಉಳಿದ ವೇಳೆಯಲ್ಲಿ ನಿರೂಪಕರ ಮಾತು ಒಂದು, ಕೆಳಗೆ ಹರಿಯುವ ಪಟ್ಟಿ ಇನ್ನೊಂದು, ಪಕ್ಕದ ಚೌಕದಲ್ಲಿ ಮಗದೊಂದು. ಮೂರರಲ್ಲಿ ಯಾವುದೂ ಪೂರ್ತಿ ದಕ್ಕುವುದಿಲ್ಲ.

ಪತ್ರಿಕೆಯಲ್ಲಿ ನಾನು ಮೆಚ್ಚಿದ್ದು ಅದರ ನಿಧಾನವನ್ನೇ. ಅವಘಡವೊಂದರ ಮೊದಲ ಗಂಟೆಗಳಲ್ಲಿ ಸಾವುನೋವಿನ ಸಂಖ್ಯೆ ಮತ್ತೆ ಮತ್ತೆ ಬದಲಾಗುತ್ತದೆ, ಕಾರಣದ ಬಗ್ಗೆ ಊಹೆಗಳೇ ಓಡಾಡುತ್ತವೆ. ಮರುದಿನದ ಮುದ್ರಣದ ಹೊತ್ತಿಗೆ ಅವುಗಳಲ್ಲಿ ಹಲವು ಜಳ್ಳೆಂದು ಉದುರಿಹೋಗಿರುತ್ತವೆ. ಯಾವ ಸುದ್ದಿ ಯಾವ ಪುಟದಲ್ಲಿ, ಎಷ್ಟು ಕಾಲಂಗಳಲ್ಲಿ ಇರಬೇಕೆಂದು ಯಾರೋ ಕುಳಿತು ನಿರ್ಧರಿಸಿದ್ದಾರೆ. ಆ ನಿರ್ಧಾರವನ್ನು ನಾನು ಒಪ್ಪದಿರಬಹುದು, ಆದರೆ ಅದು ಕಣ್ಣಿಗೆ ಕಾಣುವಂತಿದೆ. ತಪ್ಪಾದರೆ ತಿದ್ದುಪಡಿ ಅಚ್ಚಾಗುತ್ತದೆ, ಆದರೂ ಅದು ಒಳಪುಟದ ಮೂಲೆಯಲ್ಲೇ ಏಕಿರಬೇಕೆಂದು ನಾನು ಕೇಳುತ್ತಲೇ ಇರುತ್ತೇನೆ. ತಡರಾತ್ರಿಯ ಸುದ್ದಿ ಇದರಲ್ಲಿ ಸಿಗುವುದಿಲ್ಲ. ಮುಖಪುಟವನ್ನೇ ನುಂಗುವ ಜಾಹೀರಾತು ಕೆಲವು ಬೆಳಗುಗಳಲ್ಲಿ ಸಹನೆಯನ್ನು ಪರೀಕ್ಷಿಸುತ್ತದೆ.

ರೇಡಿಯೊದಿಂದ ನಾನು ಇಷ್ಟು ನಿರೀಕ್ಷಿಸಿರಲಿಲ್ಲ. ಕೆಲವೇ ನಿಮಿಷಗಳ ವಾರ್ತೆಯಲ್ಲಿ ಅಬ್ಬರಕ್ಕೆ ಜಾಗವಿಲ್ಲ, ಕೈಗಳು ತಮ್ಮ ಕೆಲಸ ಮಾಡುತ್ತಿರಬಹುದು, ಮತ್ತು ವಾರ್ತೆ ಮುಗಿಯುತ್ತದೆ. 1930ರ ಏಪ್ರಿಲ್ 18ರ ಸಂಜೆ ಬಿಬಿಸಿಯ ವಾಚಕರು ಹೇಳಲು ಸುದ್ದಿಯಿಲ್ಲವೆಂದು ತಿಳಿಸಿದರು. ಉಳಿದ ವೇಳೆಯಲ್ಲಿ ಪಿಯಾನೊ ಸಂಗೀತ ಕೇಳಿಸಿದರು. ಅಷ್ಟು ನೇರವಾದ ನಡೆ ಇಂದಿನ ಯಾವ ವಾಹಿನಿಗೂ ಸಾಧ್ಯವೆಂದು ನನಗೆ ಅನ್ನಿಸುವುದಿಲ್ಲ. ಕೊರತೆಯೂ ಸಣ್ಣದಲ್ಲ: ಕಿವಿ ತಪ್ಪಿದ ಹೆಸರನ್ನೋ ಅಂಕಿಯನ್ನೋ ಮತ್ತೆ ಕೇಳಲಾಗುವುದಿಲ್ಲ, ಬಜೆಟ್ಟಿನಂತಹ ವಿಷಯ ಅದರಲ್ಲಿ ಹಿಡಿಸುವುದೂ ಇಲ್ಲ.

ಈಗ ಬೆಳಿಗ್ಗೆ ಪತ್ರಿಕೆ, ಸಂಜೆ ರೇಡಿಯೊ ಎಂದು ಇಟ್ಟುಕೊಂಡಿದ್ದೇನೆ; ಫೋನಿನಲ್ಲಿ ಹವಾಮಾನದ ಎಚ್ಚರಿಕೆಯೊಂದನ್ನು ಮಾತ್ರ ಉಳಿಸಿದ್ದೇನೆ. ಮಧ್ಯಾಹ್ನ ದೊಡ್ಡದೇನಾದರೂ ಸಂಭವಿಸಿದರೆ ಎಲ್ಲರಿಗಿಂತ ಕೊನೆಗೆ ನನಗೆ ತಿಳಿಯುತ್ತದೆ. ಅದರಿಂದ ನನಗೆ ಇದುವರೆಗೆ ಯಾವ ನಷ್ಟವೂ ಆಗಿಲ್ಲ.