ದ್ರಾಕ್ಷಿ ಪಡಕ್ಕೆ ಟ್ರಾಕ್ಟರ್ ಬ್ಲೋವರ್: ನಾಲ್ಕು ವರ್ಷ ಬಳಸಿದ ಮೇಲೆ ಬರೆಯುತ್ತಿದ್ದೇನೆ

ನಮ್ಮದು ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ಆರು ಎಕರೆ ದ್ರಾಕ್ಷಿ ಪಡ, ಅಂದರೆ ತೋಟ. ಎಲ್ಲಾ ಥಾಮ್ಸನ್ ತಳಿ, ಇಂಗ್ಲಿಷಿನ ವೈ ಅಕ್ಷರದ ಆಕಾರದ ಚಪ್ಪರ, ಸಾಲಿನಿಂದ ಸಾಲಿಗೆ ಒಂಬತ್ತು ಅಡಿ. ಬಹುಪಾಲು ಒಣದ್ರಾಕ್ಷಿಗೇ ಹೋಗುತ್ತದೆ. 2021ರಲ್ಲಿ ಮಿನಿ ಟ್ರಾಕ್ಟರ್ ಹಿಂದೆ ಎಳೆಯುವ ಬ್ಲೋವರ್, ಅಂದರೆ ಫ್ಯಾನಿನ ಗಾಳಿಯಿಂದ ಔಷಧ ಸಿಂಪಡಿಸುವ ಮಷಿನ್, ತಗೊಂಡೆ. 600 ಲೀಟರ್ ಟ್ಯಾಂಕು, ಒಳಗಿನ ರಬ್ಬರ್ ಪರದೆಯಿಂದ ನೀರು ಒತ್ತುವ ಡಯಾಫ್ರಾಮ್ ಪಂಪು, ಹಿಂದೆ ದೊಡ್ಡ ಫ್ಯಾನು, ಎರಡೂ ಬದಿಗೆ ಐದೈದು ನಾಝಲ್. ಕಂಪನಿ ಹೆಸರು ಬರೆಯುವುದಿಲ್ಲ. ನಾನು ಹೇಳಬೇಕು ಅಂದುಕೊಂಡಿರುವುದು ಯಾವ ಕಂಪನಿಯ ಬ್ಲೋವರ್ ಇದ್ದವರಿಗೂ ಬೇಕಾಗುವಂಥದ್ದು.

ಮೊದಲು ಜೋರು ಒತ್ತಡದ ಎಚ್‌ಟಿಪಿ ಪಂಪು, ಉದ್ದ ಪೈಪು, ಕೈಯಲ್ಲಿ ಗನ್ನು ಹಿಡಿದು ಹೊಡೆಯುತ್ತಿದ್ದೆವು. ಎಕರೆಗೆ 500 ಲೀಟರ್‌ಗಿಂತ ಜಾಸ್ತಿ ನೀರು ಹೋಗುತ್ತಿತ್ತು. ಇಬ್ಬರು ಪೈಪು ಎಳೆಯಬೇಕು, ಹೊಡೆಯುವವನ ಮೈ ಪೂರ್ತಿ ತೊಯ್ಯುತ್ತಿತ್ತು. ನಮ್ಮ ಕಡೆ ಔಷಧಕ್ಕೆ ಎಣ್ಣೆ ಅಂತಲೇ ಹೇಳುತ್ತೇವೆ. ಅದೇ ಎಣ್ಣೆಯಲ್ಲಿ ತೊಯ್ದ ಅಂಗಿಯಲ್ಲೇ ಮಧ್ಯಾಹ್ನದ ರೊಟ್ಟಿಗೆ ಕೂರುವವರನ್ನು ನೋಡಿ ನನಗೆ ಸಂಕಟವಾಗುತ್ತಿತ್ತು. ಬ್ಲೋವರ್ ತಗೊಂಡದ್ದಕ್ಕೆ ಮೊದಲ ಕಾರಣ ಅದೇ. ಆ ವಿಷಯದಲ್ಲಿ ಈ ಮಷಿನ್ನಿಗೆ ಪೂರ್ತಿ ಅಂಕ. ಈಗ ಒಬ್ಬ ಡ್ರೈವರ್ ಮಾಸ್ಕು, ಕನ್ನಡಕ, ಕೈಗವಸು ಹಾಕಿಕೊಂಡು ಕೂತರೆ ಸಾಕು, ಬೆಳಗ್ಗೆ ಒಂಬತ್ತರೊಳಗೆ ಆರರಲ್ಲಿ ನಾಲ್ಕು ಎಕರೆ ಮುಗಿಯುತ್ತದೆ.

ಆದರೆ ಮೊದಲ ಎರಡು ವರ್ಷ ದ್ರಾಕ್ಷಿಗೆ ಬರುವ ಬೂಜಿನಂಥ ಡೌನಿ ರೋಗ ಕಡಿಮೆಯಾಗಲಿಲ್ಲ. ಎಣ್ಣೆ ಬದಲಿಸಿದೆ, ಪ್ರಮಾಣ ಏರಿಸಿದೆ, ಪ್ರೆಶರ್ ಏರಿಸಿದೆ. ಹಿಂದಿನಿಂದ ಬಿಳಿ ಹೊಗೆ ಎದ್ದಂತೆ ಕಾಣುತ್ತಿತ್ತು, ಎಲ್ಲಾ ಕಡೆ ಹತ್ತುತ್ತಿದೆ ಅಂತ ನಾನೂ ನಂಬಿದ್ದೆ. ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಓದುವ ಅಕ್ಕನ ಮಗ ರಜೆಗೆ ಬಂದಾಗ ಬದುವಿನ ಮೇಲೆ ನಿಂತು ನೋಡಿ ಒಂದೇ ಮಾತು ಹೇಳಿದ: "ಮಾಮಾ, ಹೊಗಿ ನೋಡಿ ಎಣ್ಣಿ ಹತ್ತೈತಿ ಅನಬ್ಯಾಡ್ರಿ. ಎಲಿ ಹಿಂದ ನೋಡ್ರಿ."

ಡೌನಿ ಎಲೆಯ ಕೆಳಮೈಯಿಂದ ಒಳಗೆ ಹೋಗುತ್ತದೆ. ಎಲೆ ಉಸಿರಾಡುವ ಸಣ್ಣ ರಂಧ್ರಗಳು ದ್ರಾಕ್ಷಿಯಲ್ಲಿ ಕೆಳಮೈಗೇ ಇರುವುದು, ರೋಗಕ್ಕೆ ಅದೇ ಬಾಗಿಲು. ಮೇಲ್ಮೈ ಎಷ್ಟು ತೊಯ್ದರೂ ಕೆಳಗೆ ಹನಿ ಬೀಳದಿದ್ದರೆ ಏನು ಪ್ರಯೋಜನ ಅಲ್ವಾ? ಅದನ್ನು ಕಣ್ಣಾರೆ ನೋಡಲು ಅವನು ಹಳದಿ ಕಾಗದದ ಚೀಟಿಗಳನ್ನು ತಂದಿದ್ದ. ಬೆರಳಷ್ಟು ಉದ್ದ. ನೀರಿನ ಹನಿ ಬಿದ್ದ ಜಾಗ ಮಾತ್ರ ಕಡು ನೀಲಿಯಾಗುತ್ತದೆ. ಬೆವರಿದ ಕೈಯಲ್ಲಿ ಮುಟ್ಟಿದರೂ ನೀಲಿ, ಇಬ್ಬನಿ ಬಿದ್ದರೂ ನೀಲಿ, ಹಾಗಾಗಿ ಕೈಗವಸು ಹಾಕಿಕೊಂಡು, ಇಬ್ಬನಿ ಆರಿದ ಮೇಲೆ, ಟ್ಯಾಂಕಿಗೆ ಬರೀ ನೀರು ತುಂಬಿ, ಒಂದು ಸಾಲಿನ ಎಡಕ್ಕೂ ಬಲಕ್ಕೂ, ಕೆಳಗೆ ನಡುವೆ ಮೇಲೆ ಅಂತ ಮೂರು ಎತ್ತರದಲ್ಲಿ, ಎಲೆಯ ಎರಡೂ ಮೈಗೆ ಚೀಟಿ ಚುಚ್ಚಿ ಟ್ರಾಕ್ಟರ್ ಓಡಿಸಿದೆವು.

ಫಲಿತಾಂಶ ನೋಡಿ ನಾನು ಬಹಳ ಹೊತ್ತು ಸುಮ್ಮನೆ ನಿಂತೆ. ಹೊರಗಿನ ಎಲೆಗಳ ಮೇಲ್ಮೈ ಚೀಟಿ ಪೂರ್ತಿ ನೀಲಿ, ಅಂದರೆ ಹನಿ ಹನಿ ಸೇರಿ ನೀರು ಹರಿದು ನೆಲಕ್ಕೆ ಇಳಿದಿದೆ. ಒಳಗಿನ ಎಲೆಗಳ ಕೆಳಮೈ ಚೀಟಿ ಹೆಚ್ಚುಕಡಿಮೆ ಹಾಗೇ ಹಳದಿ. ಶಿಲೀಂಧ್ರದ ಎಣ್ಣೆಗೆ ಒಂದು ಚದರ ಸೆಂಟಿಮೀಟರಿಗೆ 50ರಿಂದ 70 ಹನಿ ಬೇಕು ಅನ್ನುವುದು ಸಾಮಾನ್ಯ ಅಂದಾಜು. ನಮ್ಮಲ್ಲಿ ಒಳಗಡೆ ಐದಾರು. ಇನ್ನೊಂದು ವಿಚಿತ್ರ ಕಂಡಿತು. ಬಲಬದಿಯ ಮೇಲಿನ ಚೀಟಿಗಳಿಗೂ ಎಡಬದಿಯ ಮೇಲಿನ ಚೀಟಿಗಳಿಗೂ ಹೋಲಿಕೆಯೇ ಇರಲಿಲ್ಲ.

ಅದಕ್ಕೆ ಕಾರಣ ಫ್ಯಾನು. ಹಿಂದೆ ನಿಂತು ನೋಡಿದರೆ ನಮ್ಮ ಫ್ಯಾನು ಗಡಿಯಾರಕ್ಕೆ ಎದುರಾಗಿ ತಿರುಗುತ್ತದೆ. ಬಲಬದಿಯಲ್ಲಿ ರೆಕ್ಕೆ ಮೇಲಕ್ಕೆ ಹೋಗುತ್ತದೆ, ಗಾಳಿಯನ್ನೂ ಮೇಲಕ್ಕೆ ಎತ್ತುತ್ತದೆ. ಎಡಬದಿಯಲ್ಲಿ ಕೆಳಕ್ಕೆ ತಳ್ಳುತ್ತದೆ. ಒಂದು ಕಡೆ ಎಣ್ಣೆ ಚಪ್ಪರ ದಾಟಿ ಆಕಾಶಕ್ಕೆ, ಇನ್ನೊಂದು ಕಡೆ ಬುಡಕ್ಕೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಆಂಡ್ರ್ಯೂ ಲ್ಯಾಂಡರ್ಸ್ ಅನ್ನುವ ತಜ್ಞರು ದ್ರಾಕ್ಷಿ ತೋಟದ ಬ್ಲೋವರ್ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಗಾಳಿಯ ದಿಕ್ಕು ತಿದ್ದುವ ತಗಡು, ಗಾಳಿ ಒಳಗೆ ಎಳೆಯುವ ಬಾಯಿಗೆ ಹಾಕುವ ನಡುವೆ ತೂತಿರುವ ಬಿಲ್ಲೆ, ಇವೆಲ್ಲ ಅಲ್ಲಿ ಪರೀಕ್ಷೆಯಾದವು. ಬಿಲ್ಲೆಗೆ ಅವರು ಡೋನಟ್ ಅಂತಲೇ ಹೆಸರಿಟ್ಟರು. ತೂತು ಸಣ್ಣದಾದಷ್ಟೂ ಗಾಳಿ ಕಡಿಮೆ. ಅಕ್ಟೋಬರ್ ಚಾಟನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಆದ ಹೊಸದರಲ್ಲಿ ಚಿಗುರು ಗೇಣುದ್ದ ಇರುತ್ತದೆ, ಆಗ ಪೂರ್ತಿ ಗಾಳಿ ಬಿಟ್ಟರೆ ಎಣ್ಣೆ ಚಿಗುರನ್ನು ದಾಟಿ ಪಕ್ಕದವರ ಜೋಳಕ್ಕೆ ಹೋಗುತ್ತದೆ. ಅಂಥ ಹೊತ್ತಿಗೆ ಈ ಬಿಲ್ಲೆ.

ನಾವೂ ವೆಲ್ಡಿಂಗ್ ಅಂಗಡಿಯಲ್ಲಿ ತಗಡು ಕತ್ತರಿಸಿ ಎರಡು ಬಿಲ್ಲೆ ಮಾಡಿಸಿದೆವು, ಮೇಲೆ ಕೆಳಗೆ ಎರಡು ತಿದ್ದುಪಟ್ಟಿ ಹಾಕಿಸಿದೆವು. ಬಿಲ್ಲೆಯನ್ನು ನಾಲ್ಕು ಬೋಲ್ಟಿನಿಂದ ಗಟ್ಟಿಯಾಗಿ ಬಿಗಿಯಬೇಕು, ಸಡಿಲಾದರೆ ಫ್ಯಾನು ಒಳಗೆ ಎಳೆದುಕೊಳ್ಳುತ್ತದೆ. ಬಿಲ್ಲೆ ಫ್ಯಾನಿನ ಜಾಳಿಗೆಯ ಹೊರಗೇ ಇರಲಿ.

ಆಮೇಲೆ ನಾಝಲ್. ಇದನ್ನು ಪ್ರತಿಯೊಬ್ಬರೂ ಮಾಡಲೇಬೇಕು, ಖರ್ಚು ಏನೂ ಇಲ್ಲ. ಪ್ರತಿ ನಾಝಲಿಗೂ ಪೈಪು ಸಿಕ್ಕಿಸಿ ಒಂದು ನಿಮಿಷ ಬಕೆಟ್ಟಿಗೆ ನೀರು ಹಿಡಿದೆವು. ಹೊಸದಿದ್ದಾಗ ಆ ಪ್ರೆಶರ್‌ನಲ್ಲಿ ಒಂದೂವರೆ ಲೀಟರ್ ಬರಬೇಕು. ಕೆಲವು ಒಂದೂವರೆ, ಕೆಲವು 1.8, ಒಂದು 2.1. ಹೊಸದಕ್ಕಿಂತ ನೂರಕ್ಕೆ ಹತ್ತು ಜಾಸ್ತಿ ಬಂದರೆ ಬದಲಿಸಬೇಕು ಅನ್ನುವುದು ಎಲ್ಲೆಡೆ ಒಪ್ಪಿದ ಲೆಕ್ಕ. ನಾವು ಬೋರ್ಡೋ ದ್ರಾವಣ ಹೊಡೆಯುತ್ತೇವಲ್ಲ, ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಆ ಸುಣ್ಣವೇ ನಾಝಲಿನೊಳಗಿನ ಹಿತ್ತಾಳೆ ಬಿಲ್ಲೆಯನ್ನು ಮರಳುಕಾಗದದ ಹಾಗೆ ಸವೆಸುತ್ತದೆ. ಈಗ ಎಲ್ಲಾ ಸೆರಾಮಿಕ್ ಹಾಕಿದ್ದೇನೆ. ರೇಟು ಜಾಸ್ತಿ, ಆದರೆ ಎರಡು ಹಂಗಾಮು ಕಳೆದರೂ ಬಕೆಟ್ ಲೆಕ್ಕ ಸರಿಯಾಗಿಯೇ ಬರುತ್ತಿದೆ.

ಪ್ರೆಶರ್ ಏರಿಸುವ ನನ್ನ ಅಭ್ಯಾಸ ತಪ್ಪು ಅಂತಲೂ ಆಗಲೇ ತಿಳಿಯಿತು. ನಾಝಲಿನಿಂದ ಎರಡರಷ್ಟು ನೀರು ಬೇಕಾದರೆ ನಾಲ್ಕರಷ್ಟು ಪ್ರೆಶರ್ ಬೇಕು. ಜೊತೆಗೆ ಹನಿ ಸಣ್ಣದಾಗುತ್ತದೆ. ನಮ್ಮ ಒಣ ಬಿಸಿಲಿನಲ್ಲಿ ತೀರಾ ಸಣ್ಣ ಹನಿ ಎಲೆ ಮುಟ್ಟುವ ಮೊದಲೇ ಆರಿಹೋಗುತ್ತದೆ, ಇಲ್ಲ ಗಾಳಿಗೆ ತೇಲಿಹೋಗುತ್ತದೆ. ನಾನು ಹೊಗೆ ಅಂತ ಖುಷಿಪಟ್ಟದ್ದು ಅದನ್ನೇ.

ಇನ್ನು ನಮ್ಮ ಲೆಕ್ಕ ಹೀಗೆ: ನೂರು ಮೀಟರ್ ಸಾಲು 90 ಸೆಕೆಂಡಿನಲ್ಲಿ ದಾಟಬೇಕು, ಅಂದರೆ ಗಂಟೆಗೆ 4 ಕಿಲೋಮೀಟರ್. ಒಂಬತ್ತು ಅಡಿ ಸಾಲಾದರೆ ಎಕರೆಗೆ ಸುಮಾರು 1,480 ಮೀಟರ್ ಓಡಾಟ, 22 ನಿಮಿಷ. ಹತ್ತು ನಾಝಲಿನಿಂದ ನಿಮಿಷಕ್ಕೆ 15 ಲೀಟರ್. ಎಕರೆಗೆ ಸುಮಾರು 330 ಲೀಟರ್. ನೀರು ಕಡಿಮೆ ಆಯಿತು ಅಂತ ಎಕರೆಗೆ ಹಾಕುವ ಎಣ್ಣೆಯನ್ನು ಸುಮ್ನೆ ಮನಸ್ಸಿಗೆ ಬಂದಂತೆ ಕಡಿಮೆ ಮಾಡಬೇಡಿ, ಜಾಸ್ತಿಯನ್ನೂ ಮಾಡಬೇಡಿ, ಡಬ್ಬಿಯ ಮೇಲೆ ಬರೆದದ್ದನ್ನು ನೋಡಿ. ಪುಣೆ ಹತ್ತಿರ ಮಾಂಜರಿಯಲ್ಲಿರುವ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದವರು ಕೊಡುವ ಎಣ್ಣೆಗಳ ಪಟ್ಟಿ, ಕೊಯ್ಲಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅನ್ನುವ ಮಾಹಿತಿ ನಮಗೆ ಬಹಳ ಕೆಲಸಕ್ಕೆ ಬಂದಿದೆ.

ಡ್ರೈವರ್ ಡೀಸೆಲ್ ಉಳಿಸಲು ಆಕ್ಸಿಲರೇಟರ್ ಇಳಿಸುತ್ತಿದ್ದ, ಅದಕ್ಕೆ ನಾನು ಬೈಯುತ್ತಿದ್ದೆ. ಅವನದು ಅರ್ಧ ಸರಿ ಇತ್ತು. ಪಿಟಿಒ, ಅಂದರೆ ಟ್ರಾಕ್ಟರಿನಿಂದ ಬ್ಲೋವರನ್ನು ತಿರುಗಿಸುವ ಶಾಫ್ಟು, ನಿಮಿಷಕ್ಕೆ 540 ಸುತ್ತಿನಲ್ಲಿ ಇರಬೇಕು ಅನ್ನುವುದು ಎಲೆ ದಟ್ಟವಾಗಿ ತುಂಬಿದಾಗ. ಚಿಗುರು ಸಣ್ಣದಿದ್ದಾಗ ಫ್ಯಾನಿನ ತಿರುಗುವಿಕೆ ಐದರಲ್ಲಿ ಒಂದು ಪಾಲು ಕಡಿಮೆ ಮಾಡಿದರೆ ಫ್ಯಾನಿಗೆ ಬೇಕಾದ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಗಾಳಿಯೂ ಹದಕ್ಕೆ ಬರುತ್ತದೆ. ಆದರೆ ಗೇರು ಬದಲಿಸಿ ಅದೇ ನಾಲ್ಕು ಕಿಲೋಮೀಟರ್ ಓಟ ಉಳಿಸಿಕೊಳ್ಳಬೇಕು, ಪ್ರೆಶರ್ ಮತ್ತೆ ನೋಡಬೇಕು.

ಇಷ್ಟು ಮಾಡಿ ಮತ್ತೆ ಹಳದಿ ಚೀಟಿ ಚುಚ್ಚಿದಾಗ ಒಳಗಿನ ಎಲೆಯ ಕೆಳಮೈಯಲ್ಲಿ ನೀಲಿ ಚುಕ್ಕೆ ಒತ್ತೊತ್ತಾಗಿ ಬಿದ್ದಿದ್ದವು. ಆ ಚೀಟಿಗಳನ್ನು ಇನ್ನೂ ಡೈರಿಯಲ್ಲಿ ಇಟ್ಟಿದ್ದೇನೆ. ಕಳೆದ ಎರಡು ಹಂಗಾಮಿನಲ್ಲಿ ಡೌನಿ ಬಂತು, ಆದರೆ ಹಬ್ಬಲಿಲ್ಲ.

ಈಗ ದೂರುಗಳು. ಮೂರನೇ ವರ್ಷ ಪಂಪಿನ ಗಾಜಿನಲ್ಲಿ ಕಾಣುವ ಆಯಿಲ್ (ಔಷಧವಲ್ಲ, ಪಂಪಿಗೆ ಹಾಕುವ ಆಯಿಲ್) ಹಾಲಿನ ಬಣ್ಣಕ್ಕೆ ತಿರುಗಿತು. ಡಯಾಫ್ರಾಮ್ ಹರಿದಿತ್ತು. ಡೀಲರ್ ಹತ್ತು ದಿನ ಸತಾಯಿಸಿದರು, ಅದೂ ಹೂ ಬಿಡುವ ಹೊತ್ತಿನಲ್ಲಿ. ಒಂದು ಸೆಟ್ ಡಯಾಫ್ರಾಮ್ ಮನೆಯಲ್ಲೇ ಇಟ್ಟುಕೊಳ್ಳಿ, ಆ ಗಾಜನ್ನು ದಿನಾ ನೋಡಿ. ಟ್ಯಾಂಕಿನೊಳಗೆ ಕಲಕುವ ವ್ಯವಸ್ಥೆ ಬಲವಾಗಿಲ್ಲ, ಪುಡಿ ಎಣ್ಣೆ ತಳಕ್ಕೆ ಕೂರುತ್ತದೆ. ಪ್ರೆಶರ್ ಮೀಟರು ಒಂದೇ ವರ್ಷಕ್ಕೆ ಕೆಟ್ಟಿತು. ನಮ್ಮ ಬೋರಿನ ಉಪ್ಪು ನೀರು ಸೋಸುವ ಜಾಳಿಗೆಗೆ ಬಿಳಿ ಪದರ ಕಟ್ಟುತ್ತದೆ, ಪ್ರತಿ ಸಲ ತೊಳೆಯಲೇಬೇಕು. ಪಿಟಿಒ ಶಾಫ್ಟಿನ ಪ್ಲಾಸ್ಟಿಕ್ ಕವರು ಒಡೆದರೆ ಆ ದಿನ ಹೊರಗೆ ತೆಗೆಯಬೇಡಿ. ಟವೆಲ್ಲೋ ಧೋತರದ ಚುಂಗೋ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯ ಸಿಗುವುದಿಲ್ಲ.

ದೊಡ್ಡ ಕೊರತೆ ಇನ್ನೊಂದಿದೆ. ಮಳೆ ಹಿಡಿದಾಗಲೇ ಡೌನಿ ಜೋರು, ಮಳೆ ಹಿಡಿದಾಗಲೇ ಈ ಮಷಿನ್ ಎರೆ (ಕಪ್ಪು ಮಣ್ಣಿನ) ಹೊಲದೊಳಗೆ ಇಳಿಯುವುದಿಲ್ಲ. 600 ಲೀಟರ್ ತುಂಬಿದ ಟ್ಯಾಂಕು ಗಾಲಿ ಮುಳುಗುವಷ್ಟು ಹೂತುಕೊಳ್ಳುತ್ತದೆ. ಒಂದು ಸಲ ಎಳೆಯಲು ಪಕ್ಕದ ಹೊಲದ ಕಾಕಾ ಅವರ ದೊಡ್ಡ ಟ್ರಾಕ್ಟರ್ ತರಿಸಬೇಕಾಯಿತು, ಎರಡು ಕಂಬ ಮುರಿದವು. ಅದಕ್ಕೇ ಹಳೇ ಎಚ್‌ಟಿಪಿ ಪಂಪನ್ನು ಮಾರಿಲ್ಲ. ಮಳೆಯ ವಾರ ಅದರಿಂದಲೇ ಹೊಡೆಯುತ್ತೇವೆ, ಸ್ವಲ್ಪ ಆರಿದ ಮೇಲೆ ಅರ್ಧ ಟ್ಯಾಂಕು ತುಂಬಿ ಬ್ಲೋವರ್ ಇಳಿಸುತ್ತೇವೆ.

ಮಸಾರಿ (ಕೆಂಪು ಮಣ್ಣಿನ) ಭೂಮಿ, ನಾಲ್ಕು ಎಕರೆಗಿಂತ ಜಾಸ್ತಿ ಪಡ ಇದ್ದವರು ಧೈರ್ಯವಾಗಿ ತಗೊಳ್ಳಿ. ಪೂರ್ತಿ ಎರೆ ಇದ್ದವರು ಟ್ರಾಕ್ಟರ್ ಮೇಲೇ ಕೂರುವ ಸಣ್ಣ ಟ್ಯಾಂಕಿನದು ನೋಡಿ. ಎರಡು ಎಕರೆಯವರು ಬಾಡಿಗೆಗೆ ಕರೆಸಿ, ಆದರೆ ಬಂದವನ ನಾಝಲಿಗೆ ಮೊದಲು ಬಕೆಟ್ ಹಿಡಿಯಿರಿ. ಹಳದಿ ಚೀಟಿ ನನ್ನ ಹತ್ತಿರ ಇನ್ನೂ ಒಂದಿಪ್ಪತ್ತು ಉಳಿದಿವೆ. ತಿಕೋಟಾ, ಬಬಲೇಶ್ವರ ಕಡೆಯವರು ಯಾರಾದರೂ ಅಕ್ಟೋಬರ್ ಚಾಟನಿಗೆ ಮುಂಚೆ ಪರೀಕ್ಷೆ ಮಾಡುತ್ತೀರಿ ಅಂದರೆ ಹೇಳಿ, ತಗೊಂಡು ಬರುತ್ತೇನೆ.